ನನ್ನ ಮೊಮ್ಮಗನ ಜಾಡಿಯ ಮೇಲೆ ನೀವು ಬರೆಸಿದ ಪದ

ಆಸ್ಪತ್ರೆಯ ಅಧೀಕ್ಷಕರೇ,

ನಾನು ಮಾರುಕಟ್ಟೆಯ ಹಿಂಬದಿಯ ಹೊಲಿಗೆ ಅಂಗಡಿಯ ಯಜಮಾನಿ. ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಒಂಬತ್ತು ಯಂತ್ರಗಳು, ಎಲ್ಲವೂ ನನ್ನ ಮಾತಿನಲ್ಲಿ ನಡೆಯುತ್ತವೆ. ಓದಿದ್ದು ಹೈಸ್ಕೂಲಿನವರೆಗೆ. ನಮ್ಮ ಬೀದಿಯಲ್ಲಿ ಅಣ್ಣತಮ್ಮಂದಿರು ಪಾಲಿಗಾಗಿ ಕಿತ್ತಾಡಿದರೆ ಮೊದಲು ಬರುವುದು ನನ್ನ ಬಾಗಿಲಿಗೆ. ನಿಮ್ಮ ವೈದ್ಯರು ತೊಡುವ ಬಿಳಿ ಕೋಟುಗಳನ್ನು ಬಹಳ ವರ್ಷಗಳಿಂದ ಹೊಲಿಯುತ್ತಿರುವವರು ನಾವು, ನಿಮ್ಮದನ್ನೂ ಸೇರಿಸಿ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕಳೆದ ತಿಂಗಳು ನಿಮ್ಮನ್ನು ಕಾಣಲು ಬಂದಾಗ ನಿಮ್ಮ ಜವಾನ "ಯಾರೋ ಒಬ್ಬ ಮುದುಕಿ" ಎಂದು ಒಳಗೆ ತಿಳಿಸಿದ. ಯಾರೋ ಅಲ್ಲ ಎಂದು ಹೇಳಿ ಮುಂದಕ್ಕೆ ಹೋಗುತ್ತೇನೆ.

ನಿಮ್ಮ ಆಸ್ಪತ್ರೆಯ ಸಂಗ್ರಹಾಲಯದಲ್ಲಿ, ಮೂರನೆಯ ಕಪಾಟಿನ ಎರಡನೆಯ ಹಲಗೆಯ ಮೇಲೆ, ಒಂದು ಗಾಜಿನ ಜಾಡಿಯಿದೆ. ಅದರೊಳಗೆ ನನ್ನ ಮೊಮ್ಮಗನ ಬಾಲವಿದೆ. ಜಾಡಿಯ ಮೇಲೆ ನೀವು "ವಿಕೃತಿ" ಎಂದು ಚೀಟಿ ಅಂಟಿಸಿದಿರಿ. ನನ್ನ ದೂರು ಆ ಪದದ ಮೇಲೆ.

ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ; ಅಲ್ಲಿ ಓದುವವರು ಕಣ್ಣುಜ್ಜಿಕೊಳ್ಳಬೇಕಿಲ್ಲ. ಬಾಲ ಎಂದರೆ ಬಾಲವೇ. ನನ್ನ ಕಿರಿಯ ಸೊಸೆ ನಿಮ್ಮ ಹೆರಿಗೆ ವಾರ್ಡಿನಲ್ಲಿ ಹೆತ್ತ ಗಂಡುಮಗುವಿನ ಬೆನ್ನಿನ ಕೊನೆಯಲ್ಲಿ, ಹೆಬ್ಬೆರಳಿನಷ್ಟು ಉದ್ದದ, ಮೆತ್ತಗಿನ, ತುದಿ ಎಡಕ್ಕೆ ಸ್ವಲ್ಪ ಬಾಗಿದ ಬಾಲವಿತ್ತು. ಮಗು ತೀರಾ ಸಣ್ಣದಿತ್ತು; ಬಟಾಣಿ ಎಂದು ಕರೆದೆವು. ಆಯಾ ಅವನನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮುಖವನ್ನಷ್ಟೇ ತೋರಿಸಿ ಕೊಟ್ಟಳು. ನಾನು ಬಿಚ್ಚಿ ನೋಡಿದೆ. ಬಟ್ಟೆಯಲ್ಲಿ ಏನನ್ನು ಮುಚ್ಚಬಹುದು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮರುದಿನ ಮಂಚದ ಬಳಿಗೆ ಬಂದ ಕಿರಿಯ ಡಾಕ್ಟರಮ್ಮನನ್ನು ತಡೆದು ನಿಲ್ಲಿಸಿದೆ.

"ನೋಡಮ್ಮ, ನಮ್ಮ ಕಡೆ ಏಳು ತಲೆಮಾರು ನನಗೆ ಬಾಯಿಪಾಠ. ನಮ್ಮ ವಂಶದಲ್ಲಿ ಯಾರಿಗೂ ಹೀಗಿರಲಿಲ್ಲ. ಸೊಸೆ ಕಡೆಯವರನ್ನೂ ವಿಚಾರಿಸಿದ್ದೀನಿ."

"ಏಳು ಸಾಲದು ಅಜ್ಜಿ, ಇನ್ನೂ ಸ್ವಲ್ಪ ಹಿಂದಕ್ಕೆ ಹೋಗ್ಬೇಕು," ಎಂದಳು ಆಕೆ. "ಎಲ್ಲರ ವಂಶದಲ್ಲೂ ಇತ್ತು. ನನ್ನದರಲ್ಲೂ."

"ನಿಮ್ಮ ಮನೇಲಿ ಯಾರಿಗಿತ್ತು?"

"ನನಗೇ ಇತ್ತು. ಅಮ್ಮನ ಹೊಟ್ಟೆಯಲ್ಲಿದ್ದಾಗ, ಐದಾರನೇ ವಾರದಲ್ಲಿ. ನಿಮಗೂ ಇತ್ತು."

ನನ್ನ ಮುಖ ನೋಡಿಕೊಂಡು ಇಂಥ ಮಾತನ್ನು ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಕೋಪ ಬರಬೇಕಿತ್ತು. ಪಕ್ಕದಲ್ಲಿ ಮಲಗಿದ್ದ ಸೊಸೆ, ಹೆರಿಗೆಯಾದ ಮೇಲೆ ಮೊದಲ ಸಲ, ಗೋಡೆಯ ಕಡೆಯಿಂದ ಮುಖ ಈಚೆಗೆ ತಿರುಗಿಸಿದಳು. ಅದಕ್ಕೇ, ಬಿಡಿಸಿ ಹೇಳಮ್ಮ ಎಂದೆ.

ಡಾಕ್ಟರಮ್ಮ ಒಂದು ಕಾಗದದ ಮೇಲೆ ಮೂರು ಚಿತ್ರ ಬರೆದಳು. ಮೊಟ್ಟೆಯೊಳಗಿನ ಕೋಳಿಮರಿ, ಹೊಟ್ಟೆಯೊಳಗಿನ ಬೆಕ್ಕಿನ ಮರಿ, ಹೊಟ್ಟೆಯೊಳಗಿನ ಮನುಷ್ಯನ ಮರಿ. ಮೂರಕ್ಕೂ ಬಾಲ. ಮನುಷ್ಯನದು ಎಂಟು ವಾರ ತುಂಬುವಷ್ಟರಲ್ಲಿ ಕರಗಿಹೋಗುತ್ತದಂತೆ. ಬೆನ್ನಿನ ಕೊನೆಯಲ್ಲಿ ಪುಟ್ಟ ಮೂಳೆಗಳಷ್ಟೇ ಗುರುತಿಗೆ ಉಳಿಯುತ್ತವಂತೆ. ಕೋಟಿಯಲ್ಲಿ ಒಂದು ಮಗುವಿಗೋ ಏನೋ, ಕರಗುವುದು ಮರೆತುಹೋಗುತ್ತದಂತೆ. ನನಗೆ ಕೂಡಲೇ ಅರ್ಥವಾಯಿತು. ಸೂಟಿನ ಕೋಟಿಗೆ ತೋಳಿನ ತುದಿಯಲ್ಲಿ ಮೂರು ಗುಂಡಿ ಹಾಕುತ್ತೇವೆ. ಬಿಚ್ಚುವಂತಿಲ್ಲ, ಹಾಕುವಂತಿಲ್ಲ, ಗುಂಡಿ ತೂರಿಸುವ ಕಾಜಾ ಇರುವುದೇ ಇಲ್ಲ. ಯಾವುದೋ ಕಾಲದಲ್ಲಿ ಯಾರಿಗೋ ತೋಳು ಮಡಚಬೇಕಿತ್ತು. ಅವರು ಹೋದರು, ಗುಂಡಿ ಉಳಿಯಿತು. ಅದನ್ನು ಯಾವ ಗಿರಾಕಿಯೂ ಕೆಟ್ಟ ಹೊಲಿಗೆ ಎಂದು ವಾಪಸು ತಂದಿಲ್ಲ.

ಆಮೇಲೆ ಮನೆಯಲ್ಲಿ, ನಮ್ಮ ಮೈಯಲ್ಲಿ ಹೀಗೆ ಉಳಿದದ್ದನ್ನು ಹುಡುಕುವುದೇ ಆಟವಾಯಿತು. ನನ್ನ ನಡುವಿನ ಮಗ ಕಿವಿ ಅಲ್ಲಾಡಿಸಬಲ್ಲ. ಬೆಕ್ಕು, ಕುದುರೆ ಸದ್ದು ಹುಡುಕಲು ಬಳಸುವ ಸ್ನಾಯು ನಮ್ಮಲ್ಲಿ ಕೆಲಸವಿಲ್ಲದೆ ಉಳಿದದ್ದಂತೆ. "ಅಂತೂ ನಿನ್ನಲ್ಲಿ ಕೆಲಸ ಮಾಡೋ ಅಂಗ ಒಂದಾದ್ರೂ ಇದೆಯಲ್ಲ," ಎಂದಳು ಅವನ ಹೆಂಡತಿ. ಅವನು ಕಿವಿ ಅಲ್ಲಾಡಿಸಿದರೆ ಬಟಾಣಿ ಬಾಯಿ ತೆರೆದು ನಗುತ್ತಿದ್ದ. ಬಟಾಣಿ ನನ್ನ ಜಡೆಯನ್ನು ಹಿಡಿದರೆ ಬಿಡಿಸುವುದು ಕಷ್ಟವಾಗುತ್ತಿತ್ತು. ಮರಿಗಳು ತಾಯಿಯ ರೋಮಕ್ಕೆ ನೇತುಬಿದ್ದು ಬದುಕುತ್ತಿದ್ದ ಕಾಲದಿಂದ ಬಂದ ಹಿಡಿತವಂತೆ ಅದು. ಅಧೀಕ್ಷಕರೇ, ಎಷ್ಟು ಸಾವಿರ ಅಜ್ಜಿಯರನ್ನು ದಾಟಿ ಆ ಹಿಡಿತ ನನ್ನ ಜಡೆಗೆ ಬಂದಿರಬೇಕು? ನಾನು ಬಿಡಿಸಿಕೊಳ್ಳುತ್ತಿದ್ದೆ. ಕತ್ತರಿಸಬೇಕಾದ ಬಟ್ಟೆ ರಾಶಿ ಬಿದ್ದಿರುತ್ತಿತ್ತು.

ಬಾಲ ಅವನನ್ನು ಕೊಲ್ಲಲಿಲ್ಲ. ಬಾಲದ ಕೆಳಗೆ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಅವನಿಗೆ ಮೂರು ತಿಂಗಳು ತುಂಬಿದಾಗ ನಿಮ್ಮ ಶಸ್ತ್ರವೈದ್ಯರು ಮುಚ್ಚಲು ನೋಡಿದರು, ಆಗ ಬಾಲವನ್ನೂ ತೆಗೆದರು. ಸೋಂಕು ತಲೆಗೆ ಏರಿತು. ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡಿದ್ದೇನೆ. ಸಾವಿನ ಬಗ್ಗೆ ನನಗೆ ದೂರಿಲ್ಲ. ಬೆನ್ನುಹುರಿ ಮುಚ್ಚದೆ ಉಳಿದದ್ದು ದೋಷ. ಅದನ್ನು ದೋಷ ಎನ್ನಿ, ಒಪ್ಪುತ್ತೇನೆ. ಅವನಿಗೆ ಮಣ್ಣು ಕೊಟ್ಟು ಬಂದ ಮೇಲೆ ಸೊಸೆ ಕಾಜಾ ಹಾಕುವ ಯಂತ್ರದ ಮುಂದೆ ಕೂತವಳು, ಬೇಕು ಬೇಡ ಎನ್ನುವುದನ್ನು ಬಿಟ್ಟು ಬೇರೆ ಮಾತು ಆಡಲಿಲ್ಲ.

ತೆಗೆದ ಬಾಲವನ್ನು ಪರೀಕ್ಷೆಗೆ ಕಳಿಸುತ್ತೇವೆ ಎಂದಿದ್ದರು. ನೀವು ಅದನ್ನು ಇಟ್ಟುಕೊಂಡಿರಿ. ನಮ್ಮನ್ನು ಕೇಳಲಿಲ್ಲ. ಕೋಟುಗಳನ್ನು ಒಪ್ಪಿಸಲು ಬಂದ ದಿನ ಸಂಗ್ರಹಾಲಯವನ್ನು ಸಾರ್ವಜನಿಕರಿಗೆ ತೆರೆದಿದ್ದರು. ಜನರ ಹಿಂದೆ ನಾನೂ ಒಳಗೆ ಹೋದೆ. ಎಡಕ್ಕೆ ಬಾಗಿದ ತುದಿ ಕಂಡಿತು. ದಿನವೂ ಮೀಯಿಸಿದ ಕೈಗೆ ಚೀಟಿ ಬೇಕಿಲ್ಲ.

ನನ್ನ ಮುಂದೆ ನಿಂತಿದ್ದ ಹೆಂಗಸು ಗೆಳತಿಯ ಪಕ್ಕೆ ತಿವಿದಳು. "ನಿನ್ನ ಗಂಡಂದು ಇಲ್ಲಿದೆ ನೋಡೇ." ಇಬ್ಬರೂ ನಕ್ಕರು. ಆಮೇಲೆ ಆ ಗೆಳತಿ ಚೀಟಿ ಓದಿ, "ಥೂ, ವಿಕೃತಿಯಂತೆ. ಅದರ ತಾಯಿ ಏನು ಪಾಪ ಮಾಡಿದ್ದಳೋ," ಎಂದಳು. ನಿಮ್ಮ ಕಾವಲುಗಾರ ತಲೆಯಾಡಿಸಿ, "ಮುಂದೆ ನಡೀರಿ, ಮುಂದೆ ನಡೀರಿ," ಎಂದ. ಆ ಹೆಂಗಸರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಿಮ್ಮನ್ನು ನಂಬಿ ಓದಿದರು. ಮನುಷ್ಯ ಎಲ್ಲಿಂದ ಬಂದ ಎನ್ನುವುದಕ್ಕೆ ಪುರಾವೆ ಕಣ್ಣೆದುರು ಇತ್ತು. ನೀವು ಅದನ್ನು ಒಬ್ಬ ಬಾಣಂತಿಯ ಪಾಪಕ್ಕೆ ಪುರಾವೆ ಮಾಡಿ ತೋರಿಸಿದಿರಿ. ಇದಕ್ಕೆ ಎಷ್ಟು ವರ್ಷ ಓದಬೇಕು?

ನಿಮ್ಮ ಕೋಣೆಯಲ್ಲಿ ನೀವು ಸಭ್ಯರಾಗಿಯೇ ಮಾತಾಡಿದಿರಿ. ಅದನ್ನೂ ಬರೆಯುತ್ತೇನೆ. ಬಾಲ ಎಲ್ಲಿಂದ ಬಂತು ಎಂದು ಬರೆಸದೆ ಆ ಪದವನ್ನು ಯಾಕೆ ಬರೆಸಿದಿರಿ ಎಂದು ಮೊದಲು ಕೇಳಿದೆ.

"ಅಮ್ಮಾ, ನಿಮ್ಮ ನೋವು ಅರ್ಥ ಆಗುತ್ತೆ. ಆದ್ರೆ ವಿಕಾಸ ಗಿಕಾಸ ಅಂತ ಬರೆಸಿದ್ರೆ ನಾಳೆ ಹತ್ತು ಜನ ಬಂದು ಜಗಳ ತೆಗೀತಾರೆ. ವಿಕೃತಿ ಅಂದ್ರೆ ಯಾರೂ ಕೇಳೋದಿಲ್ಲ."

"ಕೇಳೋಕೆ ನಾನು ಬಂದಿದ್ದೀನಲ್ಲ."

ಅದಕ್ಕೆ ನೀವು ಹೇಳಿದಿರಿ, "ಬೇಕಿದ್ರೆ ಜಾಡಿ ತಗೊಂಡು ಹೋಗಿಬಿಡಿ. ನಾನೇನೂ ಅಡ್ಡಿ ಮಾಡಲ್ಲ. ಇಬ್ಬರಿಗೂ ನೆಮ್ಮದಿ."

ನಾನು ಬಂದದ್ದೂ ಅದನ್ನು ಕೇಳುವುದಕ್ಕೇ. ಆದರೆ ಎಷ್ಟು ಸುಲಭವಾಗಿ ಕೊಟ್ಟಿರಿ. ಸತ್ಯ ಹೇಳುವುದಕ್ಕಿಂತ ಜಾಡಿಯನ್ನು ಕೊಟ್ಟುಬಿಡುವುದು ನಿಮಗೆ ಹಗುರವಾಯಿತು. ನಿಮ್ಮ ಬೆನ್ನಿನ ಕೊನೆಯ ಮೂಳೆಯೂ ಇಂಥ ಒಂದು ಬಾಲದ ಉಳಿಕೆಯೇ. ದಿನವೂ ಆ ಮೆತ್ತನೆಯ ಕುರ್ಚಿಗೆ ಒರಗುತ್ತದೆ. ಅದಕ್ಕೆ ಯಾವ ಚೀಟಿ ಅಂಟಿಸಿದ್ದೀರಿ?

ಮನೆಗೆ ಹೋಗಿ ಎಲ್ಲರೆದುರು ಹೇಳಿದೆ: ನಾಳೆ ಬೆಳಿಗ್ಗೆ ಜಾಡಿ ತರುತ್ತೇನೆ, ಅವನ ಪಕ್ಕದಲ್ಲೇ ಮಣ್ಣಿಗೆ ಹಾಕೋಣ. ಕಾಜಾ ಯಂತ್ರ ನಿಂತಿತು.

"ತರಬೇಡಿ ಅತ್ತೆ," ಎಂದಳು ಕಿರಿಯ ಸೊಸೆ.

"ಯಾಕೆ?"

"ತಂದು ಮುಚ್ಚಿಟ್ರೆ ಅವರು ಬರೆದದ್ದೇ ನಿಜ ಆಗುತ್ತೆ. ಮುಚ್ಚಿಡೋ ಅಂಥದ್ದು ಅಂತ ನಾವೇ ಒಪ್ಪಿಕೊಂಡ ಹಾಗೆ."

"ಹಾಗಾದ್ರೆ ಅಲ್ಲೇ ಇರ್ಲಾ? ಕಂಡಕಂಡವರು ನಗೋಕೆ?"

"ಇರಲಿ. ಅವನದು ಅಂತ ಭೂಮಿ ಮೇಲೆ ಉಳಿದಿರೋದು ಅದೊಂದೇ. ನೋಡಲಿ. ಆದ್ರೆ ಸರಿಯಾಗಿ ಓದಿಕೊಂಡು ನೋಡಲಿ."

ಸೊಸೆ ನನಗೆ ಎದುರಾಡಿದ್ದು ಅದೇ ಮೊದಲು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ನನ್ನ ಮೊಮ್ಮಗ ಮಣ್ಣಿನಲ್ಲಿ ಪೂರ್ತಿಯಾಗಿ ಮಲಗಲಿ ಎಂಬುದು ನನ್ನ ಆಸೆ. ಆದರೆ ಅವನನ್ನು ಹೆತ್ತವಳು ಅವಳು.

ನಾನು ಕೇಳುವುದು ಇಷ್ಟು. ಆ ಪದವನ್ನು ಮತ್ತೆ ಆ ಜಾಡಿಯ ಮೇಲೆ ಹಚ್ಚಬೇಡಿ. ಅದು ಏನು ಎಂದು ಕೇಳಿದವರಿಗೆ ಹೇಳಲು ನಿಮ್ಮ ಕಾವಲುಗಾರನಿಗೆ ಎರಡು ವಾಕ್ಯ ಕಲಿಸಿ. ಕಲಿಸಲು ಪುರುಸೊತ್ತಿಲ್ಲದಿದ್ದರೆ ನನ್ನ ಬಳಿ ಕಳಿಸಿ. ಅಕ್ಕಪಕ್ಕದ ಜಾಡಿಗಳ ಚೀಟಿಗಳನ್ನೂ ಒಮ್ಮೆ ನೀವೇ ನಿಂತು ಓದಿ. ಅವುಗಳಿಗೂ ಎಲ್ಲೋ ಅಜ್ಜಿಯರಿದ್ದಾರೆ, ಅವರೆಲ್ಲರಿಗೂ ಪತ್ರ ಬರೆಯಲು ಬರುವುದಿಲ್ಲ.

"ಮತ್ತೆ" ಎಂದು ಯಾಕೆ ಬರೆದೆ ಎಂದರೆ, ನಿಮ್ಮ ಚೀಟಿ ಈಗ ಅಲ್ಲಿಲ್ಲ. ನಿನ್ನೆ ಬಂದು ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ. ಕಪಾಟು ತೆರೆದುಕೊಟ್ಟವರು ಯಾರು ಎಂದು ಕೇಳಬೇಡಿ, ಹೇಳುವುದಿಲ್ಲ. ಜಾಡಿಯ ಸುತ್ತ ಒಂದು ಬಿಳಿ ಪಟ್ಟಿ ಸುತ್ತಿ, ಎರಡು ತುದಿಗಳನ್ನು ಅಲ್ಲೇ ನಿಂತು ಹೊಲಿದಿದ್ದೇನೆ. ತೆಗೆಯಬೇಕಾದರೆ ಕತ್ತರಿಯೇ ಬೇಕು. ಅದರ ಮೇಲೆ ಸೊಸೆ ನೀಲಿ ದಾರದಲ್ಲಿ ಬರೆದಿದ್ದಾಳೆ: "ಇದು ತಾಯಿಯ ಹೊಟ್ಟೆಯಲ್ಲಿ ಎಲ್ಲರಿಗೂ ಇರುತ್ತದೆ. ಹುಟ್ಟುವ ಮೊದಲೇ ಕರಗುತ್ತದೆ. ಈ ಮಗುವಿಗೆ ಉಳಿದಿತ್ತು."

ನೀವು ಕೊಟ್ಟ ಅನುಮತಿಯನ್ನು ಬಳಸಲಿಲ್ಲ. ಜಾಡಿಯನ್ನು ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಅಷ್ಟೇ. ಗಾಜು ತಣ್ಣಗಿತ್ತು. ಆಮೇಲೆ ಹಲಗೆಯ ಮೇಲೆ, ಅಕ್ಷರ ಮುಂದಕ್ಕೆ ಕಾಣುವಂತೆ, ನಾನೇ ಇಟ್ಟು ಬಂದೆ.

ಇಂತಿ,
ಮೊಮ್ಮಗನನ್ನು ನಿಮ್ಮ ಕಪಾಟಿನಲ್ಲಿ ಬಿಟ್ಟು ಬಂದ ಅಜ್ಜಿ