ನಾಲಿಗೆಗೆ ಮುಟ್ಟಿಸದ ರುಚಿ

ಕೊಪ್ಪ, ಡಿಸೆಂಬರ್ ೧೯೮೧

ಅಬ್ಬಾ,

ನೀವು ತೀರಿಕೊಂಡು ಎಂಟು ತಿಂಗಳಾಯಿತು. ಎಸ್ಟೇಟ್ ಬಂಗಲೆಯ ಅಡುಗೆ ಕೆಲಸ ಈಗ ನನ್ನದು. ಇವತ್ತು ಅಮ್ಮಾವ್ರು ಪುಡ್ಡಿಂಗಿನ ಮೇಲೆ ಸುರಿಯಲು ನಿಮ್ಮ ಅನಾನಸ್ ಸಾಸ್ ಕೇಳಿದರು.

ಕೆಂಪು ವೈನಿಗೆ ಹಣ್ಣಿನ ಹೋಳು, ಸಕ್ಕರೆ, ಚಕ್ಕೆ, ಲವಂಗ ಹಾಕಿ ಕುದಿಯಲು ಬಿಟ್ಟೆ. ರುಚಿ ನೋಡುವುದು ನಮಗೆ ಹರಾಮು. ಮೂವತ್ತು ವರ್ಷ ನೀವೂ ನೋಡಲಿಲ್ಲ. "ಅಲ್ಲಾ ಮೂಗು ಕೊಟ್ಟಿದ್ದಾನಲ್ಲ ಮಾರಾಯ, ನಾಲಿಗೆ ಎಂತಕ್ಕೆ?" ಎನ್ನುತ್ತಿದ್ದಿರಿ. ನಾನು ನಂಬಿರಲಿಲ್ಲ.

ಪಾತ್ರೆಯ ಮೇಲೆ ಬಗ್ಗಿದೆ. ಮೊದಲು ವೈನಿನ ಘಾಟು ಕಣ್ಣಿಗೇ ಹೊಡೆಯಿತು. ಸ್ವಲ್ಪ ಹೊತ್ತಿಗೆ ಅದು ಇಳಿದು ಲವಂಗ ಎದ್ದಿತು. ಆಮೇಲೆ ಗುಳ್ಳೆಗಳ ಸದ್ದು ದಪ್ಪವಾಯಿತು. ಹಣ್ಣು, ಚಕ್ಕೆ, ಸಕ್ಕರೆ ಎಲ್ಲ ಕೂಡಿ ಒಂದೇ ಪರಿಮಳವಾದ ಆ ಕ್ಷಣ, ಯಾರೋ ಪಕ್ಕದಲ್ಲಿ ನಿಂತು 'ಸಾಕು' ಅಂದ ಹಾಗಾಯಿತು. ಇಳಿಸಿಬಿಟ್ಟೆ.

ಅಮ್ಮಾವ್ರು ಒಂದು ಚಮಚ ಬಾಯಿಗಿಟ್ಟು, ಇನ್ನೊಂದು ಚಮಚ ತೆಗೆದುಕೊಂಡರು. "ಜಮಾಲ್, ಇದು ನಿಮ್ಮಪ್ಪಂದೇ ಕೈಯಲ್ವಾ?" ಅಂದರು.

ಮನೆಗೆ ಬಂದು ಬಾವಿಕಟ್ಟೆಯಲ್ಲಿ ಸೋಪು ಹಾಕಿ ಮೂರು ಸಲ ಕೈ ತೊಳೆದೆ, ನಿಮ್ಮ ಹಾಗೆಯೇ. ಲವಂಗದ ವಾಸನೆ ಹೋಗಲಿಲ್ಲ. ನನಗೆ ಹದಿನಾರಾಗಿದ್ದಾಗ ನೀವು ಚಾಚಿದ ತುತ್ತನ್ನು 'ವೈನು ಮುಟ್ಟಿದ ಕೈ' ಎಂದು ತಳ್ಳಿದ್ದೆನಲ್ಲ, ಆ ಕೈಗೂ ಇದೇ ವಾಸನೆಯಿತ್ತು. ಆಮೇಲೆ ನೀವು ಎಂದೂ ತುತ್ತು ಚಾಚಲಿಲ್ಲ.

ಊಟಕ್ಕೆ ಕೂತಾಗ ನನ್ನ ಮಗಳು ಮಾಸೂಮಾ ಬಾಯಿ ತೆರೆದಳು. ಹೆದರುತ್ತಲೇ ತುತ್ತು ಕೊಟ್ಟೆ. ನನ್ನ ಕೈಯನ್ನು ಬಿಡದೆ ಹಿಡಿದುಕೊಂಡು ಮೂಸಿದಳು.

"ಅಬ್ಬಾ, ನಿಮ್ಮ ಕೈ ಎಷ್ಟು ಪರಿಮಳ ಬರ್ತದೆ!"