ಅಕ್ಕ ಬರೆದ ‘ಇಲ್ಲ’

ಉಪನಗರ ರೈಲು ವಿಸ್ತರಣೆಯ ನಕ್ಷೆಗೆ ಸೋಮವಾರ ಸಹಿ ಹಾಕಲಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ರೈಲಿನಿಂದ ನನ್ನ ಅಕ್ಕನ ಜೀವಕ್ಕೆ ಅಪಾಯವಿದೆ. ನಿಮ್ಮ ವರದಿಯ ಪ್ರಕಾರ ಇದಕ್ಕೆ ಅವಳದೇ ಲಿಖಿತ ಒಪ್ಪಿಗೆಯೂ ಇದೆ. ಅದನ್ನು ಓದಿದ ದಿನದಿಂದ ನನಗೆ ಭಯ ಹಿಡಿದಿದೆ. ನಾನು ಸುಮ್ಮಸುಮ್ಮನೆ ಹೆದರುವ ಆಸಾಮಿಯಲ್ಲ. ಹತ್ತೊಂಬತ್ತು ವರ್ಷದಿಂದ ಕಾರು ಓಡಿಸಲು ಕಲಿಸುತ್ತಿದ್ದೇನೆ. ಬ್ರೇಕು ಯಾವ ಕಾಲಿಗೆ ಎಂದು ಇನ್ನೂ ಗೊಂದಲದಲ್ಲಿರುವವರ ಪಕ್ಕ ಕುಳಿತೇ ಹೊಟ್ಟೆ ಹೊರೆಯುವವನು.

ಅಕ್ಕ ಹೊಲಿಗೆಯವಳು. ಓಣಿಯ ಕೊನೆಯ ಮನೆ ನಮ್ಮದು. ಹಿತ್ತಲ ಗೋಡೆಯಿಂದ ಹನ್ನೊಂದು ಹೆಜ್ಜೆಗೆ ನಿಮ್ಮ ಹಳಿ ಬರುತ್ತದೆ. ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಮಾತು ಉಳಿಯಿತು. ನಮ್ಮ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. “ಮೀಸೆ ತೆಗಿಯೋ, ನಿನ್ನ ಅರ್ಧ ಮಾತು ಅದರೊಳಗೇ ಉಳ್ಕೊಳ್ಳುತ್ತೆ” ಎಂದು ನನ್ನನ್ನು ಬೈಯುತ್ತಾಳೆ.

ನೀವು ಮನೆಮನೆಗೆ ನಮೂನೆ ಹಂಚಿದಿರಲ್ಲ, ಅದರ ನಾಲ್ಕನೆಯ ಪ್ರಶ್ನೆ: ‘ರೈಲಿನ ಶಬ್ದದಿಂದ ತಮಗೆ ತೊಂದರೆಯಾಗುವುದೇ?’ ಅಕ್ಕ ಪೆನ್ನು ಹಿಡಿದು ನನ್ನ ಮುಖ ನೋಡಿದಳು.

“ಏನಂತ ಬರೀಲಿ?”

“ಇದ್ದದ್ದು ಇದ್ದ ಹಾಗೆ ಬರಿ ಅಕ್ಕ” ಎಂದೆ.

ಗುಂಡಗಿನ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆಗ ನಗಬಾರದಿತ್ತು.

ಏಕೆಂದರೆ ನಿಮ್ಮ ವರದಿಯಲ್ಲಿ ಹೀಗೆ ಅಚ್ಚಾಗಿದೆ: ‘ಹಳಿಗೆ ಅತ್ಯಂತ ಸಮೀಪದ ನಿವಾಸಿಯೇ ಶಬ್ದದಿಂದ ತೊಂದರೆಯಿಲ್ಲವೆಂದು ತಿಳಿಸಿರುವುದರಿಂದ ತಡೆಗೋಡೆಯ ಅಗತ್ಯ ಕಂಡುಬರುವುದಿಲ್ಲ.’ ನಕ್ಷೆಯಿಂದ ಗೋಡೆ ಹೋಯಿತು. ಗೋಡೆ ದಾಟಲೆಂದು ಇದ್ದ ಮೇಲ್ಸೇತುವೆಯೂ ಅದರ ಹಿಂದೆಯೇ ಹೋಯಿತು. ಅವೆರಡರ ಬದಲಿಗೆ, ಹಳಿ ದಾಟುವ ಕಾಲುದಾರಿಯ ಪಕ್ಕ, ರೈಲು ಬರುವುದನ್ನು ಸಾರುವ ಒಂದು ಗಂಟೆ ಬಂತು. ಕಿವುಡಿಯ ಉತ್ತರ ನಂಬಿ ಗಂಟೆ ಕಟ್ಟಿಸಿದ ಕೀರ್ತಿ ನಿಮ್ಮ ಕಚೇರಿಗೇ ಸಲ್ಲಬೇಕು. ನಾಲ್ಕು ಪುಟದ ಆ ನಮೂನೆಯಲ್ಲಿ ‘ತಮಗೆ ಕಿವಿ ಕೇಳಿಸುತ್ತದೆಯೇ’ ಎಂದು ಕೇಳಲು ಒಂದು ಸಾಲು ಜಾಗ ಇರಲಿಲ್ಲವೇ?

ಕಳೆದ ಬುಧವಾರ ನಿಮ್ಮವರು ಮಾದರಿ ಕಂಬ ನೆಟ್ಟು ಗಂಟೆ ಬಾರಿಸಿ ನೋಡಿದರು. ಎದೆ ಝಲ್ಲೆನ್ನುವ ಸದ್ದು. ಓಣಿಯವರೆಲ್ಲ ಬಾಗಿಲಿಗೆ ಬಂದರು. ಆ ಹೊತ್ತಿಗೆ ಸರಿಯಾಗಿ ಅಕ್ಕ, ಆಚೆ ಬದಿಯ ಆಸ್ಪತ್ರೆಗೆ ಹೊಲಿದ ನಿಲುವಂಗಿಗಳ ಗಂಟು ಹೊತ್ತು, ಆ ಕಂಬದ ಕೆಳಗೇ ನಿಧಾನವಾಗಿ ದಾಟಿದಳು. ತಿರುಗಿ ನೋಡಿ, “ಏನ್ರೀ, ಎಲ್ಲಾರೂ ಹೊರಗೆ ನಿಂತಿದೀರ?” ಎಂದು ನಕ್ಕಳು. ನಿಮ್ಮ ಮೇಲ್ವಿಚಾರಕರು ಹಲಗೆಯ ಮೇಲಿನ ಹಾಳೆಯಲ್ಲಿ ‘ಗಂಟೆ ತೃಪ್ತಿಕರ’ ಎಂದು ಗುರುತು ಹಾಕಿಕೊಂಡರು.

ಮರುದಿನ ನಿಮ್ಮ ಕಚೇರಿಗೆ ಓಡಿದೆ. ಗುಮಾಸ್ತರು ಸೌಜನ್ಯವಂತರು, ಕುರ್ಚಿ ಕೊಟ್ಟರು. “ಉತ್ತರ ತಿದ್ದಬೋದು ಸಾರ್. ಆದ್ರೆ ನಾವು ಫೋನ್ ಮಾಡ್ದಾಗ ಅವರೇ ಎತ್ತಿ, ಪ್ರಶ್ನೆ ಕೇಳಿಸ್ಕೊಂಡು, ಬಾಯಲ್ಲಿ ಹೇಳ್ಬೇಕು” ಎಂದರು. ನಾನು ನನ್ನ ಕಿವಿ ಮುಟ್ಟಿ ತೋರಿಸಿದೆ. ಆಗ ಅವರಿಗೂ ಅರ್ಥವಾಯಿತು. “ನಿಯಮ ಸಾರ್” ಎಂದು ತಲೆ ತಗ್ಗಿಸಿದರು.

ನೋಡಿಕೊಂಡು ದಾಟಲಿ ಎನ್ನುತ್ತೀರಿ. ಎಲ್ಲಿ ನೋಡುವುದು? ನೀರಿನ ಟ್ಯಾಂಕಿನ ಹಿಂದೆ ಹಳಿ ತಿರುಗುತ್ತದೆ. ಟ್ಯಾಂಕಿನಿಂದ ಕಾಲುದಾರಿಗೆ ಬರಲು ರೈಲಿಗೆ ನಿಮ್ಮದೇ ಲೆಕ್ಕದಲ್ಲಿ ಒಂಬತ್ತು ಸೆಕೆಂಡು ಸಾಕು. ಗಂಟು ಹೊತ್ತ ಅಕ್ಕನಿಗೆ ದಾಟಲು ಹದಿಮೂರು ಬೇಕು. ನಾನು ಗಡಿಯಾರ ಹಿಡಿದು ಮೂರು ಸಲ ನೋಡಿದ್ದೇನೆ. ದಿನಕ್ಕೆ ನಾಲ್ಕು ಬಾರಿ ದಾಟುತ್ತಾಳೆ. ಅವಳಿಗೆ ಧೈರ್ಯ ಜಾಸ್ತಿ. “ಮಿಷನ್ ದಾರ ತುಂಡಾದ್ರೆ ನನ್ನ ಕಾಲಿಗೆ ಗೊತ್ತಾಗುತ್ತೆ, ರೈಲು ಬಂದ್ರೆ ಗೊತ್ತಾಗಲ್ವೇನೋ?” ಎನ್ನುತ್ತಾಳೆ. ಕಾಲಿಗೆ ಗೊತ್ತಾಗುವ ಹೊತ್ತಿಗೆ ರೈಲು ಎಲ್ಲಿರುತ್ತದೆ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾರಿನಲ್ಲಾದರೆ ನನ್ನ ಕಾಲ ಬಳಿ ಇನ್ನೊಂದು ಬ್ರೇಕು ಇರುತ್ತದೆ. ಇಲ್ಲಿ ನನ್ನ ಕಾಲ ಬಳಿ ಏನೂ ಇಲ್ಲ.

ರೈಲು ಬೇಡವೆಂದು ನಾನು ಹೇಳುತ್ತಿಲ್ಲ, ಬರಲಿ. ಆ ‘ಇಲ್ಲ’ವನ್ನು ವರದಿಯಿಂದ ತೆಗೆಯಿರಿ. ಮೇಲ್ಸೇತುವೆಯನ್ನು ನಕ್ಷೆಗೆ ವಾಪಸು ತನ್ನಿ. ಅದು ಮುಗಿಯುವವರೆಗೆ ಕಣ್ಣಿಗೆ ಕಾಣುವ ಕೆಂಪು ದೀಪ, ಎದೆಮಟ್ಟಕ್ಕೆ ಅಡ್ಡ ಬೀಳುವ ಗೇಟು ಹಾಕಿಸಿ. ಆಗುವುದಿಲ್ಲವೆಂದರೆ, ಸಹಿ ಹಾಕುವ ಮುಂಚೆ ಒಂದು ಬೆಳಿಗ್ಗೆ ನಮ್ಮ ಓಣಿಗೆ ಬನ್ನಿ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ತಲೆಯ ಮೇಲೆ ಗಂಟು ಹೊತ್ತು, ಆ ಕಂಬದ ಕೆಳಗೆ ದಾಟಿ. ನಾನು ಈಚೆ ನಿಂತು ನಿಮ್ಮನ್ನು ಕೂಗುತ್ತೇನೆ. ಕೇಳಿಸಿತೇ ಎಂದು ಆಮೇಲೆ ಹೇಳಿ.

ಇಂತಿ,
‘ಇದ್ದದ್ದು ಇದ್ದ ಹಾಗೆ ಬರಿ’ ಎಂದು ಹೇಳಿಕೊಟ್ಟು,
ನಿನ್ನೆ ಮೀಸೆ ಬೋಳಿಸಿಕೊಂಡ ತಮ್ಮ