ಬದಲಿ ಸೆಟ್ಟಿನ ಕೌದಿ

ಸಂಶಿ, ಜನವರಿ ೧೯೮೭

ಹವಾಲ್ದಾರ ಗುಡದಪ್ಪನವರಿಗೆ ಶಂಕ್ರಪ್ಪನ ಶರಣು.

ನೀವು ಅಣ್ಣಿಗೇರಿಯವರೆಂದು ಮಗ ಮಡಿವಾಳೆಪ್ಪ ಹೇಳುತ್ತಿದ್ದ. ಅದಕ್ಕೇ ಪಲ್ಟನ್ನಿನ ಸಾಹೇಬರನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ.

ಮಡಿವಾಳೆಪ್ಪನ ಟ್ರಂಕು ಮುಟ್ಟಿತು. ಬಟ್ಟೆ, ಗಡಿಯಾರ ಎಲ್ಲ ಇವೆ. ಅವನ ತಾಯಿ ಹೊಲಿದ ಕೌದಿ ಇಲ್ಲ. ಅದು ಎಲ್ಲಿದೆಯೆಂದು ನನಗೆ ಗೊತ್ತು. ಮೇಲಿನ ಠಾಣೆಯ ವಯರ್‌ಲೆಸ್ ಸೆಟ್ಟು ರಿಪೇರಿಗೆ ಇಳಿದರೆ, ಉಗ್ರಾಣದ ಬದಲಿ ಸೆಟ್ಟನ್ನು ಇವನೇ ಹೊತ್ತೊಯ್ಯುತ್ತಿದ್ದನಲ್ಲ. ಥಂಡಿಗೆ ಬ್ಯಾಟರಿ ಸಾಯುತ್ತದೆಂದು ಅದಕ್ಕೆ ಕೌದಿ ಸುತ್ತುತ್ತೇನೆ ಎಂದು ಬರೆದಿದ್ದ. ಈ ಸಲವೂ ಹಾಗೇ ಒಯ್ದು ಕೊಟ್ಟಿದ್ದಾನೆ. ಇಳಿಯುವಾಗ ಹಿಮ ಕುಸಿಯಿತು. ಅವನು ಇನ್ನೂ ಸಿಕ್ಕಿಲ್ಲ.

ಕೌದಿ ತರಿಸೋಣ ಎಂದೆ. ನನ್ನ ಹೆಂಡತಿ ರೇವವ್ವ ಒಲ್ಲೆ ಎಂದಳು. “ಅಲ್ಲೇ ಇರ್ಲಿ ಬಿಡ್ರಿ. ಮ್ಯಾಲಿನ ಹುಡುಗರ ಮಾತು ಕೆಳಗ ಮುಟ್ಟಬೇಕಲ್ಲ. ಮೂಲ್ಯಾಗ ರೊಟ್ಟಿ ಚೂರು ಇಟ್ಟ ಹೊಲದೇನಿ, ನನ್ನ ಕೌದಿ ಹಸದಿರೂದಿಲ್ಲ.”

ನನ್ನದೊಂದೇ ಕೇಳಿಕೆ. ಠಾಣೆಯ ಸ್ವಂತ ಸೆಟ್ಟು ದುರಸ್ತಿಯಾಗಿ ಮೇಲೆ ಹೋದಾಗ ಬದಲಿಯದು ಕೌದಿ ಸಮೇತ ಕೆಳಗೆ ಬರುತ್ತದಲ್ಲ, ಅಂದು ಒಂದು ಕಾರ್ಡು ಹಾಕಿರಿ. ಹೋದದ್ದರಲ್ಲಿ ಅದಾದರೂ ಇಳಿದು ಬಂತೆಂದು ರೇವವ್ವನಿಗೆ ಹೇಳುತ್ತೇನೆ.

ನೀವು ಹತ್ತುವಾಗ ಜೋಪಾನ.

ನಿಮ್ಮ
ಶಂಕ್ರಪ್ಪ